ಕಿವಿಹಾಲೆ ಹಿಗ್ಗಿಸುವಾಗ ತುರಿಕೆ, ಉಬ್ಬು: ಸರಿಹೋದದ್ದು ಹೀಗೆ (ನನ್ನ ಅನುಭವ)

4 ಮಿ.ಮೀ. ಪ್ಲಗ್ (ಹಿಗ್ಗಿಸಿದ ತೂತಿಗೆ ಹಾಕುವ ಗುಂಡನೆಯ ಆಭರಣ) ಹಾಕಿದ ಮೇಲೆ ಹಾಲೆ ಸದಾ ಒದ್ದೆ, ತುರಿಕೆ. ಹಿಂಬದಿಯಲ್ಲಿ ತೂತಿನ ಸುತ್ತ ಚರ್ಮ ಕೆಂಪಗೆ ಬಳೆಯ ಹಾಗೆ ಹೊರಬಂದಿತ್ತು. ಕಾರಣ ಎರಡು: 3.2 ಬಿಟ್ಟು 2.5ರಿಂದ ನೇರ 4ಕ್ಕೆ ಹೋದದ್ದು, ಮತ್ತು ಪ್ಲಗ್ ಅಕ್ರಿಲಿಕ್‌ನದು. ಅಕ್ರಿಲಿಕ್ ಆಟೋಕ್ಲೇವ್ (ಬಿಸಿ ಆವಿಯಿಂದ ರೋಗಾಣು ಕೊಲ್ಲುವ ಯಂತ್ರ) ಶಾಖ ತಡೆಯದು, ಗೀರು ಬಿದ್ದಲ್ಲಿ ಕೊಳೆ ಕೂರುತ್ತದೆ.

ಮೊದಲು ಒಂದು ಅಳತೆ ಕೆಳಗಿಳಿಸಿ 3.2 ಹಾಕಿದೆ. ಮೆಡಿಕಲ್‌ನಲ್ಲಿ ಸಿಗುವ 0.9% ನಾರ್ಮಲ್ ಸಲೈನ್‌ನಿಂದ ದಿನಕ್ಕೆ ಎರಡು ಸಲ ತೊಳೆದು, ಒತ್ತಿ ಒಣಗಿಸಿದೆ. ಉಬ್ಬು ಪೂರ್ತಿ ಇಳಿದ ಮೇಲೆಯೇ ಎಣ್ಣೆ ಹಚ್ಚಿ ನೀವುವುದು. ಕೀವು, ಜ್ವರ, ಊತ ಕಂಡರೆ ಡಾಕ್ಟರ ಹತ್ತಿರವೇ ಹೋಗಬೇಕು.

ಹೊಸದಾಗಿ ಹಿಗ್ಗಿಸಿದ ತೂತಿಗೆ ನಂಬಬಹುದಾದವು ಎಎಸ್‌ಟಿಎಂ ಎಫ್136 (ದೇಹದೊಳಗೆ ಇಡುವ ಲೋಹದ ಗುಣಮಟ್ಟದ ಗುರುತು) ಟೈಟಾನಿಯಂ ಮತ್ತು ನುಣುಪಾದ ಗಾಜು. ಬರೀ ‘ಸರ್ಜಿಕಲ್ ಸ್ಟೀಲ್’ ಎಂದು ಬರೆದದ್ದು ಸಾಲದು, ಎಫ್138 ಎಂದಿರಬೇಕು. ಅದರಲ್ಲೂ ನಿಕ್ಕಲ್ ಇರುತ್ತದೆ, ನಿಕ್ಕಲ್ ಅಲರ್ಜಿ ಇದ್ದವರಿಗೆ ಬೇಡ. ಸಿಲಿಕೋನ್ ಹಸಿ ಚರ್ಮಕ್ಕೆ ಅಂಟಿ ಎಳೆಯುತ್ತದೆ. ಮರದ್ದು ನೀರು ಹೀರುತ್ತದೆ. ಚಿಕ್ಕಮಗಳೂರಿನ ಆಷಾಢದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕಿವಿಯೊಳಗಿನ ಮರ ಒಣಗೀತೇ? ಪೂರ್ತಿ ಮಾಗಿದ ಕಿವಿಗೆ, ಬೇಸಿಗೆಯಲ್ಲಿ, ಸ್ನಾನಕ್ಕೆ ಮುಂಚೆ ತೆಗೆಯುವುದಾದರೆ ಮಾತ್ರ ಸರಿ.

ಹೊಸದಾಗಿ ಹಿಗ್ಗಿಸಿದ ತೂತಿಗೆ ಎರಡೂ ತುದಿ ಅಗಲವಿರುವ ಪ್ಲಗ್ ಬೇಡವೇ ಬೇಡ, ಅದು ಒಳಹೋಗುವಾಗಲೇ ಹಾಲೆ ಹರಿಯಬಹುದು. ಒಂದೇ ಕಡೆ ಅಗಲವಿದ್ದು, ಹಿಂದೆ ರಬ್ಬರ್ ರಿಂಗ್ ಇರುವುದು ಸಾಕು. ಚೂಪು ಟೇಪರ್ (ತೂತು ಹಿಗ್ಗಿಸಲು ತೂರಿಸುವ ಕಡ್ಡಿ) ಅನ್ನು ಆಭರಣದಂತೆ ಹಾಕಿಕೊಂಡು ಓಡಾಡಬಾರದು. ಪ್ರತಿ ಅಳತೆಗೂ ಕನಿಷ್ಠ ಎರಡು ತಿಂಗಳು ಬಿಡಿ, 6 ಮಿ.ಮೀ. ದಾಟಿದರೆ ಇನ್ನೂ ಹೆಚ್ಚು. ಹೊಸ ಪ್ಲಗ್ ತಾನಾಗಿ ಜಾರಿ ಒಳಹೋಗಬೇಕು. ನೋವು, ರಕ್ತ ಬಂದರೆ ಅಲ್ಲಿಗೇ ನಿಲ್ಲಿಸಿ.