ನೇಪಾಳ ಪ್ರವಾಸ: ಜೇಬಿನ ದುಡ್ಡು ಸೋರದಂತೆ ನೋಡಿಕೊಳ್ಳುವುದು ಹೇಗೆ?

ಕಾಫಿ ಕೊಯ್ಲು ಮುಗಿದು ಮಕ್ಕಳ ಪರೀಕ್ಷೆಯೂ ಮುಗಿಯಿತು ಅಂದರೆ ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಪಶುಪತಿನಾಥ, ಮುಕ್ತಿನಾಥ ನೋಡಬೇಕು ಎನ್ನುವ ಹಿರಿಯರು ಮನೆಯಲ್ಲಿದ್ದರೆ ನೇಪಾಳದ ಮಾತು ಬಂದೇ ಬರುತ್ತದೆ.

ಅಲ್ಲಿ ನಮಗೊಂದು ದೊಡ್ಡ ಅನುಕೂಲವಿದೆ. ನಮ್ಮ ರೂಪಾಯಿಗೂ ನೇಪಾಳದ ರೂಪಾಯಿಗೂ ಇರುವ ಲೆಕ್ಕ 1993ರಿಂದ ಬದಲಾಗಿಲ್ಲ. ನಮ್ಮ 100 ಅಂದರೆ ಅಲ್ಲಿನ 160. ಡಾಲರ್ ಥರ ಇವತ್ತೊಂದು ರೇಟು, ನಾಳೆ ಇನ್ನೊಂದು ಅನ್ನುವ ಭಯವಿಲ್ಲ. ಹಾಗಿದ್ದೂ ದುಡ್ಡು ಜಾಸ್ತಿ ಖರ್ಚಾಗುವುದು ತಪ್ಪು ನೋಟು, ತಪ್ಪು ಕಾರ್ಡು ಮತ್ತು ಗೊಂದಲದ ಲೆಕ್ಕದಿಂದ.

ಮೊದಲು ಗುರುತಿನ ಚೀಟಿ

ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಚೀಟಿ, ಎರಡರಲ್ಲಿ ಒಂದು ಸಾಕು. ಬರೀ ಈ ಪ್ರವಾಸಕ್ಕೆಂದು ಮನೆಯವರಿಗೆಲ್ಲ ಪಾಸ್‌ಪೋರ್ಟ್ ಮಾಡಿಸಿದರೆ ದೊಡ್ಡವರಿಗೆ ತಲೆಗೆ 1500 ರೂಪಾಯಿ ಸುಮ್ನೆ ಹೋಗುತ್ತದೆ. ಆದರೆ ಆಧಾರ್ ಒಂದನ್ನೇ ನಂಬಿ ಹೊರಡಬೇಡಿ. 15 ವರ್ಷದೊಳಗಿನ ಮಕ್ಕಳಿಗೆ, 65 ದಾಟಿದವರಿಗೆ ಅದು ನಡೆಯುತ್ತದೆ, ಉಳಿದವರಿಗೆ ಇಲ್ಲ.

ಬ್ಯಾಂಕಿನಲ್ಲಿ ನೂರರ ನೋಟು ಕೇಳಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ನೇಪಾಳ ಸರ್ಕಾರ 2018ರ ಡಿಸೆಂಬರ್‌ನಲ್ಲಿ 100ಕ್ಕಿಂತ ದೊಡ್ಡ ಭಾರತದ ನೋಟುಗಳನ್ನು ನಿಷೇಧಿಸಿತು. ಇಂಥ ನಿಯಮಗಳು ಸಡಿಲವಾಗಬಹುದು, ಮತ್ತೆ ಬಿಗಿಯಾಗಬಹುದು. ನೂರರ ನೋಟಿಗೆ ಮಾತ್ರ ಈ ತಕರಾರಿಲ್ಲ. ಎಟಿಎಂನಲ್ಲಿ ಬರುವುದು ಹೆಚ್ಚಾಗಿ 500ರ ನೋಟು, ಅಲ್ವಾ? ಅದಕ್ಕೇ ಹೊರಡುವ ಒಂದು ವಾರ ಮೊದಲೇ ನಿಮ್ಮ ಶಾಖೆಯ ಕ್ಯಾಷಿಯರ್ ಹತ್ತಿರ ಹೇಳಿಡಿ. ನೂರರ ಒಂದು ಕಟ್ಟು ಅಂದರೆ 10,000 ರೂಪಾಯಿ. ಮನೆಯವರೆಲ್ಲ ಹೋಗುವುದಾದರೆ ಕಟ್ಟುಗಳನ್ನು ಇಬ್ಬರು ಮೂವರ ಚೀಲಕ್ಕೆ ಹಂಚಿ.

ಡಾಲರ್ ಕೊಳ್ಳುವ ಯೋಚನೆ ಬಿಡಿ. ನೇಪಾಳ, ಭೂತಾನ್ ಪ್ರವಾಸಕ್ಕೆ ವಿದೇಶಿ ಹಣ ಕೊಡಲು ನಮ್ಮ ಕಾನೂನಿನಲ್ಲೇ ಅವಕಾಶವಿಲ್ಲ. ಇಲ್ಲಿನ ಬ್ಯಾಂಕುಗಳ ಫಾರೆಕ್ಸ್ ಕಾರ್ಡ್ (ವಿದೇಶಿ ಹಣ ತುಂಬಿಸಿಟ್ಟುಕೊಳ್ಳುವ ಕಾರ್ಡು) ಕೂಡ ಆ ಎರಡು ದೇಶಗಳಲ್ಲಿ ನಡೆಯುವುದಿಲ್ಲ. ಥಾಯ್ಲೆಂಡಿಗೆ ಹೋಗಿ ಬಂದ ಪರಿಚಯದವರು ಕಾರ್ಡ್ ಮಾಡಿಸಿಕೊಳ್ಳಿ ಎಂದು ಪ್ರೀತಿಯಿಂದಲೇ ಹೇಳಿಯಾರು. ಆ ಸಲಹೆ ನೇಪಾಳಕ್ಕೆ ಹೊಂದುವುದಿಲ್ಲ.

ಫೋನು ಮತ್ತು ಕಾರ್ಡು

2024ರ ಮಾರ್ಚ್‌ನಿಂದ ನೇಪಾಳದ ಅಂಗಡಿಗಳಲ್ಲೂ ನಮ್ಮ ಯುಪಿಐ ನಡೆಯುತ್ತಿದೆ. ಅಂಗಡಿಯಲ್ಲಿ 'ಫೋನ್‌ಪೇ' (Fonepay) ಎಂಬ ಕ್ಯೂಆರ್ ಇರಬೇಕು. ಅದು ನೇಪಾಳದ್ದೇ ಕಂಪನಿ, ನಮ್ಮಲ್ಲಿರುವ ಫೋನ್‌ಪೇ (PhonePe) ಬೇರೆ. ನಿಮ್ಮ ಆ್ಯಪ್‌ನಲ್ಲಿ ಹೊರದೇಶದ ಪಾವತಿ ಚಾಲೂ ಇದೆಯಾ ಎಂದು ಊರಲ್ಲೇ ನೋಡಿಕೊಳ್ಳಿ. ಪಿನ್ ಒತ್ತುವ ಮುಂಚೆ ನಮ್ಮ ರೂಪಾಯಿಯಲ್ಲಿ ಎಷ್ಟು ಕಡಿತವಾಗುತ್ತದೆ ಎಂದು ಪರದೆಯಲ್ಲಿ ಓದಿ.

ಎಟಿಎಂ ಕಾರ್ಡು ಕಷ್ಟಕಾಲಕ್ಕಿರಲಿ. ಪ್ರತಿ ಸಲ ತೆಗೆದಾಗಲೂ ಅಲ್ಲಿನ ಬ್ಯಾಂಕಿನದ್ದೊಂದು, ನಿಮ್ಮ ಬ್ಯಾಂಕಿನದ್ದೊಂದು ಶುಲ್ಕ ಬೀಳಬಹುದು. ತೆಗೆಯುವುದೇ ಆದರೆ ಒಂದೇ ಸಲ ತೆಗೆಯಿರಿ. ಗೋರಖ್‌ಪುರ ದಾಟಿ ಸುನೌಲಿ ಗಡಿ ಹತ್ತಿರ ಬಂದಾಗ ಡೇಟಾ ರೋಮಿಂಗ್ ಆಫ್ ಮಾಡಿ. ಅಲ್ಲಿ ಫೋನು ತಾನಾಗಿಯೇ ಆಚೆ ಕಡೆಯ ಟವರ್ ಹಿಡಿದುಬಿಡಬಹುದು. ನೆಟ್ ಬೇಕಾದವರು ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳಿ, ಇಲ್ಲವೇ ಎನ್‌ಸೆಲ್ ಅಥವಾ ನೇಪಾಳ ಟೆಲಿಕಾಂ ಸಿಮ್ ಕೊಳ್ಳಿ.

'ಐಸಿಯಾ, ಎನ್‌ಸಿಯಾ?'

ಗಡಿ ದಾಟಿದ ಮೇಲೆ ಬಾಯಿಗೆ ರೂಢಿಯಾಗಬೇಕಾದ ಪ್ರಶ್ನೆ ಇದು. ಐಸಿ ಅಂದರೆ ಭಾರತದ ಹಣ, ಎನ್‌ಸಿ ಅಂದರೆ ನೇಪಾಳದ್ದು. ಟ್ಯಾಕ್ಸಿಯವರು 'ಎಂಟುನೂರು' ಅಂದರೆ ಯಾವ ಎಂಟುನೂರು? ಎನ್‌ಸಿ ಆದರೆ ನಮ್ಮ 500 ರೂಪಾಯಿ. ಐಸಿ ಎಂದುಕೊಂಡು ಕೊಟ್ಟರೆ 300 ಹೆಚ್ಚು ಹೋಯಿತು. ಹತ್ತುವ ಮುಂಚೆ, ಊಟಕ್ಕೆ ಕೂರುವ ಮುಂಚೆ, ರೂಮು ಹಿಡಿಯುವ ಮುಂಚೆ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅಲ್ಲಿನವರೇ ದಿನವೂ ಕೇಳುವ ಮಾತು ಅದು.

ಚಿಲ್ಲರೆಯನ್ನೂ ಎಣಿಸಿಕೊಳ್ಳಿ. ಬಿಲ್ಲು 120 ಎನ್‌ಸಿ, ನೀವು ಕೊಟ್ಟಿದ್ದು ನಮ್ಮ ನೂರರ ನೋಟು ಅಂದರೆ 40 ಎನ್‌ಸಿ ವಾಪಸ್ ಬರಬೇಕು. ನೇಪಾಳಿ ರೂಪಾಯಿಯನ್ನು 8ರಿಂದ ಭಾಗಿಸಿ 5ರಿಂದ ಗುಣಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಬೇಲೂರು, ಚನ್ನರಾಯಪಟ್ಟಣದ ಸಂತೆಯಲ್ಲಿ ಬಾಯಿಲೆಕ್ಕ ಮಾಡುವ ನಮ್ಮ ಅಮ್ಮಂದಿರಿಗೆ ಇದೇನೂ ಕಷ್ಟವಲ್ಲ. ಆ ಕೆಲಸ ಅವರಿಗೇ ಒಪ್ಪಿಸಿ.

ಭಾರತೀಯರ ದರ ಕೇಳಿ ಪಡೆಯಿರಿ

ಮುಕ್ತಿನಾಥಕ್ಕೆ ಹೋಗಲು ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಬೇರೆ ವಿದೇಶಿಯರಿಗೆ 3000 ನೇಪಾಳಿ ರೂಪಾಯಿ, ನಾವು ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ) ದೇಶದವರಾದ್ದರಿಂದ 1000. ಪೋಖರಾದಿಂದ ಮುಕ್ತಿನಾಥದ ಹತ್ತಿರದ ಜೋಮ್‌ಸೋಮ್‌ಗೆ ಹೋಗುವಂಥ ಒಳನಾಡು ವಿಮಾನಗಳಲ್ಲೂ ಭಾರತೀಯರಿಗೆ ನಮ್ಮ ರೂಪಾಯಿಯಲ್ಲೇ ಬೇರೆ ದರವಿದೆ. ಡಾಲರ್ ದರದ ಟಿಕೆಟ್ ತೋರಿಸಿದರೆ ಒಪ್ಪಬೇಡಿ. ಗುರುತಿನ ಚೀಟಿ ಕೈಯಲ್ಲೇ ಇರಲಿ.

ವಾಪಸ್ ಬರುವಾಗ

ಉಳಿದ ನೇಪಾಳಿ ನೋಟುಗಳನ್ನು ಗಡಿಯಲ್ಲೇ ಬದಲಿಸಿ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಅದನ್ನು ತೆಗೆದುಕೊಳ್ಳುವವರನ್ನು ಹುಡುಕುವುದು ಕಷ್ಟ. ಅಲ್ಲಿನ ಕೇಂದ್ರ ಬ್ಯಾಂಕಾದ ನೇಪಾಳ ರಾಷ್ಟ್ರ ಬ್ಯಾಂಕಿನ ದರದಲ್ಲಿ ನಮ್ಮ 100 ರೂಪಾಯಿ ವಾಪಸ್ ಪಡೆಯಲು ನಾವು ಕೊಡಬೇಕಾದ್ದು 160.15 ಎನ್‌ಸಿ. ಗಡಿಯ ಅಂಗಡಿಯವರು ಇದಕ್ಕಿಂತ ತುಸು ಹೆಚ್ಚು ಕೇಳಿಯಾರು. ತೀರಾ ಜಾಸ್ತಿ ಅನಿಸಿದರೆ ಪಕ್ಕದ ಅಂಗಡಿಯಲ್ಲಿ ಕೇಳಿ. ಅಲ್ಲಿ ಶನಿವಾರ ವಾರದ ರಜೆ. ಬ್ಯಾಂಕ್ ಕೆಲಸ ಇದ್ದರೆ ಅದಕ್ಕೂ ಮೊದಲೇ ಮುಗಿಸಿಕೊಳ್ಳಿ.