ಸರ್ವರ್ ಡೌನ್ ಆದಾಗ ನೋಡುವ ಸೈಟುಗಳು

ಸಾಗರದಲ್ಲಿ ನನ್ನದೊಂದು ಚಿಕ್ಕ ಅಂಗಡಿ. 2003ರಲ್ಲಿ ಬ್ರೌಸಿಂಗ್ ಸೆಂಟರ್ ಅಂತ ಶುರು ಮಾಡಿದ್ದು. ಈಗ ಬೋರ್ಡಿನಲ್ಲಿ ಜೆರಾಕ್ಸ್, ಲ್ಯಾಮಿನೇಶನ್, ಪಹಣಿ, ಆನ್‌ಲೈನ್ ಅರ್ಜಿ ಅಂತೆಲ್ಲ ಇದೆ. ದಿನಕ್ಕೆ ಒಮ್ಮೆಯಾದರೂ ಹೇಳುವ ಮಾತು ಒಂದೇ: "ಸರ್ವರ್ ಡೌನ್ ಇದೆ, ಸ್ವಲ್ಪ ಕೂತ್ಕೊಳ್ಳಿ." ಯಾವ ಸರ್ವರ್ ಅಂತ ಇಲ್ಲಿ ಬೇಡ ಬಿಡಿ. ಕಾಯುವವರಿಗೆ ಬೇಜಾರಾಗದಿರಲಿ ಅಂತ ಸ್ಕ್ರೀನನ್ನು ಅವರ ಕಡೆ ತಿರುಗಿಸಿ ಏನಾದರೂ ತೋರಿಸುತ್ತೇನೆ. ತೋರಿಸಿ ತೋರಿಸಿ ಒಂದು ಅಂದಾಜು ಸಿಕ್ಕಿದೆ. ಯಾವುದಕ್ಕೆ ಜನ ಕುರ್ಚಿ ಮುಂದೆ ಎಳೆದುಕೊಳ್ಳುತ್ತಾರೆ, ಯಾವುದಕ್ಕೆ ಆಕಳಿಸುತ್ತಾರೆ ಅಂತ ಈಗ ಗೊತ್ತು.

"ನೋಡಲೇಬೇಕಾದ 100 ವೆಬ್‌ಸೈಟುಗಳು" ಅನ್ನುವ ಪಟ್ಟಿಗಳು ಕೆಲಸಕ್ಕೆ ಬರುವುದಿಲ್ಲ. ನಾಲ್ಕು ತೆರೆಯುತ್ತೀರಿ, ಐದನೆಯದಕ್ಕೆ ಸಾಕಾಗುತ್ತದೆ. ನಾನು ಹೇಳುವುದು ಇಷ್ಟೇ, ಬರಿಗೈಯಲ್ಲಿ ಹೋಗಬೇಡಿ. ನಿಮಗೆ ಮೊದಲೇ ಗೊತ್ತಿರುವ ಒಂದು ವಸ್ತು ಜೊತೆಗಿರಲಿ. ನಿಮ್ಮೂರಿನ ಮಳೆ, ಹಿತ್ತಲಿನ ಹಕ್ಕಿ, ಮಗಳು ಓದುತ್ತಿರುವ ಊರು, ಅಜ್ಜಿ ಬಳಸುತ್ತಿದ್ದ ಒಂದು ಪದ, ಯಾವುದಾದರೂ ಆದೀತು. ಅದನ್ನು ಇಟ್ಟುಕೊಂಡು ಹುಡುಕಿದರೆ ಸೈಟು ತಾನೇ ಮಾತಾಡುತ್ತದೆ.

ಮಳೆಯಿಂದಲೇ ಶುರು ಮಾಡೋಣ. ಬ್ರೌಸರಿನಲ್ಲಿ ಅರ್ಥ್ ಡಾಟ್ ನಲ್‌ಸ್ಕೂಲ್ ಡಾಟ್ ನೆಟ್ ಅಂತ ಹೊಡೆಯಿರಿ. ಕಪ್ಪು ತೆರೆಯ ಮೇಲೆ ಒಂದು ಭೂಗೋಳ ಬರುತ್ತದೆ. ಅದರ ಮೇಲೆ ಎಳೆ ಎಳೆಯಾಗಿ ಏನೋ ಹರಿಯುತ್ತಿರುತ್ತದೆ. ಅದು ಗಾಳಿ. ಕ್ಯಾಮರಾದಲ್ಲಿ ಹಿಡಿದ ಚಿತ್ರ ಅಲ್ಲ, ಅಮೆರಿಕದ ಹವಾಮಾನ ಇಲಾಖೆಯ ಕಂಪ್ಯೂಟರ್ ಹಾಕುವ ಲೆಕ್ಕವನ್ನು ಚಿತ್ರ ಮಾಡಿ ತೋರಿಸುವುದು. ಕ್ಯಾಮರಾನ್ ಬೆಕಾರಿಯೋ ಅನ್ನುವವರು 2013ರಲ್ಲಿ ಇದನ್ನು ಮಾಡಿದರು. ಭೂಗೋಳವನ್ನು ಎಳೆದು ಅರಬ್ಬೀ ಸಮುದ್ರ ನಡುವೆ ಬರುವ ಹಾಗೆ ನಿಲ್ಲಿಸಿ. ಎಡಗಡೆ ಕೆಳಮೂಲೆಯಲ್ಲಿ 'ಅರ್ಥ್' ಅನ್ನುವ ಅಕ್ಷರ ಇದೆಯಲ್ಲ, ಅದನ್ನು ಒತ್ತಿದರೆ ಮೆನು ತೆರೆಯುತ್ತದೆ. ಅಲ್ಲಿ ಎತ್ತರ ಅನ್ನುವ ಸಾಲಿನಲ್ಲಿ 850 ಆರಿಸಿ. ಅಂದರೆ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿ. ನಮ್ಮ ಕೊಡಚಾದ್ರಿಯ ತುದಿ 1,343 ಮೀಟರ್, ಅದಕ್ಕಿಂತ ಸ್ವಲ್ಪ ಮೇಲೆ ಅಂದುಕೊಳ್ಳಿ.

ಜೂನ್ ಕೊನೆಯಲ್ಲೋ ಜುಲೈನಲ್ಲೋ ನೋಡಿದರೆ ಮೈ ಜುಮ್ಮೆನ್ನುತ್ತದೆ. ಮಡಗಾಸ್ಕರ್ ಕಡೆಯಿಂದ ಹೊರಟ ಗಾಳಿ ಆಫ್ರಿಕಾದ ಕಡೆ ಹೋಗುತ್ತದೆ. ಕೆನ್ಯಾದ ಹತ್ತಿರ ಭೂಮಧ್ಯರೇಖೆ ದಾಟುತ್ತದೆ. ಅಲ್ಲಿನ ಬೆಟ್ಟಸಾಲು ತಡೆಯುತ್ತದೆ, ಭೂಮಿ ತಿರುಗುವ ಕಾರಣಕ್ಕೆ ಗಾಳಿ ಬಲಕ್ಕೆ ವಾಲುತ್ತದೆ. ಸೊಮಾಲಿಯಾ ಬದಿಯಿಂದ ಸಮುದ್ರದ ಮೇಲೆ ನೀರು ಕುಡಿದುಕೊಂಡು ಬಂದು ಸೀದಾ ನಮ್ಮ ಘಟ್ಟಕ್ಕೆ ಬಡಿಯುತ್ತದೆ. ಬಣ್ಣ ನೀಲಿ, ಹಸಿರು ಇದ್ದರೆ ನಿಧಾನ. ಹಳದಿ, ಕೆಂಪಿಗೆ ತಿರುಗಿದರೆ ಜೋರು. ಆರಿದ್ರಾ ಮಳೆ ಹಂಚಿನ ಮೇಲೆ ಸುರಿಯುತ್ತಿರುವಾಗ ಅದು ಎಲ್ಲಿಂದ ಹೊರಟು ಬಂತು ಅಂತ ಕಣ್ಣಿಗೆ ಕಾಣುತ್ತದೆ. ಶಾಲೆಯಲ್ಲಿ ನೈಋತ್ಯ ಮಾರುತ ಅಂತ ಬಾಯಿಪಾಠ ಮಾಡಿದ್ದು ನನಗೆ ಅರ್ಥವಾಗಿದ್ದು ನಲವತ್ತು ದಾಟಿದ ಮೇಲೆ, ಈ ಕುರ್ಚಿಯಲ್ಲಿ ಕೂತು.

ಇನ್ನೊಂದು ಉಪಾಯ. ಮೆನುವಿನಲ್ಲಿ ಸಮಯವನ್ನು ಒಂದು ಹೆಜ್ಜೆ ಹಿಂದೆ ಸರಿಸಿದರೆ, ಮೇಲೆ ಅಡ್ರೆಸ್ ಪಟ್ಟಿಯಲ್ಲಿ ವರ್ಷ, ತಿಂಗಳು, ದಿನ ಅಂಕಿಗಳಲ್ಲಿ ಬರುತ್ತದೆ. ಅದನ್ನು ತಿದ್ದಿ ಹಳೆಯ ದಿನಕ್ಕೆ ಹೋಗಬಹುದು. 2021ರ ಮೇ 16 ಹಾಕಿ ನೋಡಿ. ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಆಚೆ ಬುಗುರಿಯ ಹಾಗೆ ಸುತ್ತುತ್ತಿರುತ್ತದೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಮರುದಿನಕ್ಕೆ ಹೋದರೆ ಗುಜರಾತಿನ ಹತ್ತಿರ ಇರುತ್ತದೆ. ಅಂಕಿಯ ಪಕ್ಕ 'ಝಡ್' ಅಂತ ಇದ್ದರೆ ಅದು ಗ್ರೀನಿಚ್ ಸಮಯ. ಐದೂವರೆ ಗಂಟೆ ಸೇರಿಸಿಕೊಂಡರೆ ನಮ್ಮ ಸಮಯ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡಬೇಕು. ಪಕ್ಕದ ತೋಟದ ಭಾವ ಒಂದು ದಿನ ಬಂದು, "ಎಂತ ಮಾರಾಯ, ನಾಳೆ ಹೊಳವಾಗ್ತದಾ? ಕೊನೆಗೌಡ ಸಿಕ್ಕಿದಾನೆ, ಔಷಧಿ ಹೊಡೆಸಬೇಕು" ಅಂದರು. ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ಹೊಡೆಯುವುದಕ್ಕೆ ಮಳೆ ಬಿಡುವು ಕೊಡಬೇಕು, ಮರ ಹತ್ತುವವರೂ ಸಿಗಬೇಕು. ಎರಡೂ ಒಟ್ಟಿಗೆ ಸಿಗುವುದು ಅಪರೂಪ. ನಾನು ಈ ಸೈಟಿನಲ್ಲಿ ನಾಳೆಯ ಮಳೆಯ ಪದರ ತೆಗೆದು, ಬಣ್ಣ ತಿಳಿಯಾಗಿದೆ ಅಂತ ನೋಡಿ, "ಹೊಡೆಸಿ ಭಾವ" ಅಂದೆ. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಸುರಿದ ಮಳೆಗೆ ಔಷಧಿಯೆಲ್ಲ ತೊಳೆದು ಹೋಯಿತು. ಭಾವ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಆ ಲೆಕ್ಕ ದೊಡ್ಡ ದೊಡ್ಡ ಚೌಕಗಳಲ್ಲಿ ಹಾಕಿದ್ದು, ಘಟ್ಟದ ಒಂದು ಕಣಿವೆ ಅದಕ್ಕೆ ಕಾಣುವುದೇ ಇಲ್ಲ. ಸಮುದ್ರದ ಗಾಳಿ ನೋಡುವುದಕ್ಕೆ ಚಂದ, ನಿಮ್ಮ ತೋಟದ ನಾಳೆಗೆ ಅದನ್ನು ನಂಬಬೇಡಿ.

ಎರಡನೆಯದು ರೇಡಿಯೋ ಗಾರ್ಡನ್. ಹೆಸರೇ ಅಡ್ರೆಸ್, ರೇಡಿಯೋ ಡಾಟ್ ಗಾರ್ಡನ್. 2016ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾಗಿದ್ದು. ಇಲ್ಲೂ ಭೂಗೋಳವೇ, ಮೈತುಂಬ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿ ಒಂದೊಂದು ಊರು. ನಡುವಿನ ವೃತ್ತದೊಳಗೆ ಚುಕ್ಕಿ ಬರುವ ಹಾಗೆ ಎಳೆದು ನಿಲ್ಲಿಸಿದರೆ ಆ ಊರಿನ ರೇಡಿಯೋ ಈ ಕ್ಷಣಕ್ಕೆ ಏನು ಹೇಳುತ್ತಿದೆಯೋ ಅದು ಕೇಳುತ್ತದೆ. ಕೆಲವು ಚುಕ್ಕಿಗಳು ಬಾಯಿ ಬಿಡುವುದಿಲ್ಲ, ಮುಂದೆ ಹೋಗಿ.

ಒಬ್ಬ ಅಮ್ಮ ಪಿಂಚಣಿ ಕಾಗದದ ಕೆಲಸಕ್ಕೆ ಬಂದಿದ್ದರು. ಮಗ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಇದ್ದಾನಂತೆ. ಬೇಸಿಗೆಯ ದಿನ, ಇಲ್ಲಿ ಬೆಳಿಗ್ಗೆ 11 ಗಂಟೆ, ಅಲ್ಲಿ ಏಳೂವರೆ. ಸ್ಟುಟ್‌ಗಾರ್ಟ್ ಚುಕ್ಕಿಗೆ ತಂದು ನಿಲ್ಲಿಸಿದೆ. ಒಬ್ಬಳು ಹೆಂಗಸು ಪಟಪಟ ಅಂತ ಏನೋ ಓದುತ್ತಿದ್ದಳು. ಬೆಳಗಿನ ಟ್ರಾಫಿಕ್ ಸುದ್ದಿ ಇರಬೇಕು. ಅಮ್ಮ ಸ್ಪೀಕರಿಗೆ ಕಿವಿ ಹಚ್ಚಿ ಕೂತರು. ಒಂದು ಶಬ್ದ ಅರ್ಥವಾಗಲಿಲ್ಲ. "ಅವನೂ ಈಗ ಇದನ್ನೇ ಕೇಳ್ತಾ ಕೆಲಸಕ್ಕೆ ಹೋಗ್ತಿರ್ತಾನಾ?" ಅಂತ ಕೇಳಿದರು. ಇರಬಹುದು ಅಮ್ಮ ಅಂದೆ. ಸರ್ವರ್ ಬಂದ ಮೇಲೂ "ಇನ್ನೊಂದು ಐದು ನಿಮಿಷ ಇರಲಿ" ಅಂದರು. ಮಕ್ಕಳು ದೂರ ಇರುವವರಿಗೆ ಇದಕ್ಕಿಂತ ಒಳ್ಳೆಯ ಸೈಟು ನನಗೆ ಗೊತ್ತಿಲ್ಲ. ಮೊಬೈಲಿನಲ್ಲಿ ಆ್ಯಪ್ ಕೂಡ ಇದೆ, ಆದರೆ ಜಾಹೀರಾತು ಬರುತ್ತದೆ.

ಜಾಹೀರಾತು ಅಂದ ಮೇಲೆ ಒಂದು ಮಾತು. ಹೊಸ ಸೈಟು ತೆರೆದ ಕೂಡಲೇ 'ಅಲೌ', ಅಂದರೆ ಅನುಮತಿ ಕೊಡಿ, ಅದನ್ನು ಒತ್ತಿ ಅಂತ ಒಂದು ಡಬ್ಬಿ ಮೇಲೆ ಬಂದರೆ ಒತ್ತಬೇಡಿ. ಆಮೇಲೆ ದಿನವಿಡೀ ಲಾಟರಿ ಬಂತು, ವೈರಸ್ ಬಂತು ಅಂತ ನೋಟಿಫಿಕೇಶನ್ ಸುರಿಯುತ್ತದೆ. ಅದನ್ನು ತೆಗೆಸಿಕೊಳ್ಳಲು ನನ್ನಂಥವನ ಅಂಗಡಿಗೆ ಬರಬೇಕಾಗುತ್ತದೆ. ನನಗೆ ವ್ಯಾಪಾರ, ನಿಮಗೆ ತಲೆಬಿಸಿ. ನಾನು ಹೇಳುವ ಸೈಟುಗಳನ್ನು ಸುಮ್ನೆ ನೋಡುವುದಕ್ಕೆ, ಕೇಳುವುದಕ್ಕೆ ಫೋನ್ ನಂಬರ್ ಕೊಡಬೇಕಾಗಿಲ್ಲ. ಹಾಗೆ ಕೇಳಿದರೆ ನೀವು ತಪ್ಪು ಬಾಗಿಲಿಗೆ ಹೋಗಿದ್ದೀರಿ ಅಂತಲೇ ಲೆಕ್ಕ.

ಪದದ ಹುಚ್ಚು ಇದ್ದರೆ ಅಲರ್ ಡಾಟ್ ಇಂಕ್. ಇದು ಕನ್ನಡ-ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಅನ್ನುವವರು ಸುಮಾರು 40 ವರ್ಷ ಕೂತು ಕಟ್ಟಿದ್ದು. ಒಂದೂವರೆ ಲಕ್ಷಕ್ಕೂ ಜಾಸ್ತಿ ಪದ ಇದೆ. 2019ರಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟರು. ಬರವಣಿಗೆ ಸ್ವಲ್ಪ ಹೆಚ್ಚುಕಡಿಮೆ ಆದರೂ ಉಚ್ಚಾರ ಹತ್ತಿರ ಇರುವ ಪದಗಳನ್ನು ಮುಂದಿಡುತ್ತದೆ. ನಾನು ಒಮ್ಮೆ ಸಣ್ಣ ಮಳೆಯ 'ಸೋನೆ'ಗೂ ಮಾವಿನಕಾಯಿ ತೊಟ್ಟಿನ 'ಸೊನೆ'ಗೂ ಏನು ವ್ಯತ್ಯಾಸ ಅಂತ ನೋಡಲು ಹೋದೆ. ಒಂದು ದೀರ್ಘದಲ್ಲಿ ಆಕಾಶದಿಂದ ಮರಕ್ಕೆ ಇಳಿದುಬಿಟ್ಟೆ. ಅಲ್ಲಿಂದ ಮುಂದಿನ ಪದ, ಅದರಿಂದ ಇನ್ನೊಂದು. ಲ್ಯಾಮಿನೇಶನ್ ಮೆಷಿನ್ ಬಿಸಿಯಾಗಿ ಬೀಪ್ ಅನ್ನುತ್ತಿತ್ತು, ಕೇಳಿಸಲೇ ಇಲ್ಲ. ಮನೆಯಲ್ಲಿ ಹಿರಿಯರು ಯಾವುದಾದರೂ ಹಳೆಯ ಪದ ಬಳಸಿದರೆ ಚೀಟಿಯಲ್ಲಿ ಬರೆದಿಟ್ಟುಕೊಂಡು, ಸಂಜೆ ಇಲ್ಲಿ ಹುಡುಕಿ. ಸಿಗದಿದ್ದರೆ ಇನ್ನೂ ಖುಷಿ ಪಡಿ, ಕೃಷ್ಣ ಅವರಿಗೂ ಸಿಗದ ಪದ ನಿಮ್ಮ ಮನೆಯಲ್ಲಿದೆ!

ಹಕ್ಕಿಯ ಕೂಗಿಗೆ ಝೀನೋ ಕ್ಯಾಂಟೋ. 2005ರಿಂದ ಇದೆ. ಜಗತ್ತಿನ ಎಲ್ಲ ಕಡೆಯ ಜನ ತಾವು ರೆಕಾರ್ಡ್ ಮಾಡಿದ ಕೂಗುಗಳನ್ನು ಇಲ್ಲಿ ಹಾಕುತ್ತಾರೆ. ನಮ್ಮಲ್ಲಿ ಮಳೆಗಾಲದ ನಸುಕಿನಲ್ಲಿ ಹಳ್ಳದ ಬದಿ ಒಂದು ಕಡುನೀಲಿ ಹಕ್ಕಿ ಸಿಳ್ಳೆ ಹಾಕುತ್ತದೆ. ಕೆಲಸವಿಲ್ಲದ ಹುಡುಗ ಹಾಡು ಮರೆತು ಸುಮ್ಮನೆ ಊದಿದ ಹಾಗೆ, ರಾಗ ಹಿಡಿಯಿತು ಅನ್ನುವಷ್ಟರಲ್ಲಿ ತಪ್ಪುತ್ತದೆ. ಅದರ ಇಂಗ್ಲಿಷ್ ಹೆಸರು ಮಲಬಾರ್ ವಿಸ್ಲಿಂಗ್ ಥ್ರಶ್. ಹುಡುಕುವ ಜಾಗದಲ್ಲಿ ಈ ಹೆಸರು ಹಾಕಿದರೆ ಸಾಲು ಸಾಲು ರೆಕಾರ್ಡಿಂಗ್ ಬರುತ್ತವೆ. ಹೆಚ್ಚಿನವಕ್ಕೆ ಎ ಯಿಂದ ಇ ವರೆಗೆ ದರ್ಜೆ ಕೊಟ್ಟಿರುತ್ತಾರೆ. ಮೊದಲು ಎ ದರ್ಜೆಯದ್ದು ಕೇಳಿ. ಕೂಗಿನ ಗೆರೆಚಿತ್ರವೂ ಇರುತ್ತದೆ, ಸಿಳ್ಳೆ ಮೇಲೆ ಹೋದರೆ ಗೆರೆಯೂ ಮೇಲೆ ಹೋಗುತ್ತದೆ. ಎಷ್ಟು ಗಂಟೆಗೆ, ಯಾವ ಊರಿನಲ್ಲಿ ಹಿಡಿದದ್ದು ಅಂತಲೂ ಬರೆದಿರುತ್ತಾರೆ. ಹೆಸರು ಗೊತ್ತಿಲ್ಲದಿದ್ದರೆ ಕಷ್ಟ, ಮೊದಲು ಯಾರನ್ನಾದರೂ ಕೇಳಿಕೊಂಡು ಬನ್ನಿ. ಮೊಬೈಲಿನಲ್ಲಿ ಕೂಗು ಜೋರಾಗಿ ಹಾಕಿ ಕಾಡಿನಲ್ಲಿ ಹಕ್ಕಿ ಕರೆಯುವ ಚಟ ಮಾತ್ರ ಬೇಡ. ಬೇರೆ ಗಂಡು ಬಂತು ಅಂತ ಅದು ಗಾಬರಿಯಾಗಿ ಓಡಾಡುತ್ತದೆ, ಪಾಪ.

ರಾತ್ರಿ ಅಂಗಳದಲ್ಲಿ ನಿಂತಾಗ ಮೇಲೆ ಕೆಂಪು ದೀಪ ಮಿನುಗಿಸುತ್ತ ವಿಮಾನ ಹೋಗುತ್ತದಲ್ಲ, ಅದು ಎಲ್ಲಿಂದ ಎಲ್ಲಿಗೆ ಅಂತ ಫ್ಲೈಟ್‌ರಾಡಾರ್24 ಹೇಳುತ್ತದೆ. ವಿಮಾನಗಳು ತಾವು ಎಲ್ಲಿದ್ದೇವೆ ಅಂತ ಸಿಗ್ನಲ್ ಬಿಡುತ್ತಲೇ ಇರುತ್ತವೆ. ಮನೆ ಮೇಲೆ ಸಣ್ಣ ಆಂಟೆನಾ ಇಟ್ಟುಕೊಂಡ ಹವ್ಯಾಸಿಗಳು ಅದನ್ನು ಹಿಡಿದು ಸೈಟಿಗೆ ಕಳಿಸುತ್ತಾರೆ. ಮಕ್ಕಳಿಗೆ ಇದು ಹುಚ್ಚು ಹಿಡಿಸುತ್ತದೆ, ದೊಡ್ಡವರಿಗೆ ಎರಡು ದಿನದ ಆಟ.

ಇನ್ನು ಇಂಟರ್ನೆಟ್ಟಿನದೇ ಹಳೆಯ ಸಾಮಾನು. ಟಿಮ್ ಬರ್ನರ್ಸ್-ಲೀ 1991ರಲ್ಲಿ ಹಾಕಿದ ಮೊಟ್ಟಮೊದಲ ವೆಬ್‌ಸೈಟನ್ನು ಇನ್ಫೋ ಡಾಟ್ ಸರ್ನ್ ಡಾಟ್ ಸಿಎಚ್‌ನಲ್ಲಿ ಈಗಲೂ ನೋಡಬಹುದು. ಚಿತ್ರ ಇಲ್ಲ, ಬಣ್ಣ ಇಲ್ಲ, ಬರೀ ಅಕ್ಷರ ಮತ್ತು ಲಿಂಕು. ಆ ಕಾಲದ ಬ್ರೌಸರ್ ಹೇಗಿತ್ತೋ ಹಾಗೆಯೇ ನೋಡುವ ದಾರಿಯೂ ಅಲ್ಲಿದೆ. ಅದರಲ್ಲಿ ಮೌಸ್ ನಡೆಯದು, ಲಿಂಕಿನ ನಂಬರ್ ಟೈಪ್ ಮಾಡಬೇಕು. ಅದೇ 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು ಕಾಫಿ ಪಾತ್ರೆಗೆ ಒಂದು ಕ್ಯಾಮರಾ ಹಿಡಿದಿದ್ದರು. ಮಹಡಿ ಇಳಿದು ಹೋದರೆ ಕಾಫಿ ಖಾಲಿ ಇರುತ್ತಿತ್ತಂತೆ. ಕೂತಲ್ಲೇ ನೋಡಿಕೊಂಡು ಹೋಗೋಣ ಅಂತ ಉಪಾಯ. 1993ರಲ್ಲಿ ಅದನ್ನು ವೆಬ್ಬಿಗೆ ಹಾಕಿದರು, ಜಗತ್ತೆಲ್ಲ ಆ ಪಾತ್ರೆ ನೋಡಿತು. ಕಾಫಿಗಾಗಿ ಇಷ್ಟೆಲ್ಲ ಮಾಡುವವರು ನಮ್ಮವರೇ ಇರಬೇಕು ಅಂತ ನನಗೆ ಯಾವಾಗಲೂ ಅನುಮಾನ. ಮಿಲಿಯನ್ ಡಾಲರ್ ಹೋಮ್‌ಪೇಜ್ ಕೂಡ ಒಮ್ಮೆ ನೋಡಿ. 2005ರಲ್ಲಿ ಆ್ಯಲೆಕ್ಸ್ ಟ್ಯೂ ಅನ್ನುವ 21ರ ಹುಡುಗ ಓದಿನ ಖರ್ಚಿಗೆ ಅಂತ ಒಂದು ಪುಟದ 10 ಲಕ್ಷ ಚುಕ್ಕಿಗಳನ್ನು ಜಾಹೀರಾತಿನ ಜಾಗವಾಗಿ ಚುಕ್ಕಿಗೊಂದು ಡಾಲರಿನಂತೆ ಮಾರಿದ. ಎಲ್ಲ ಮಾರಾಟವಾಯಿತು. ಈಗ ಒತ್ತಿದರೆ ಅದರಲ್ಲಿ ಎಷ್ಟೋ ಲಿಂಕುಗಳು ಎಲ್ಲಿಗೂ ಹೋಗುವುದಿಲ್ಲ. ಹಾಳೂರಿನ ಸಂತೆ ನೋಡಿದ ಹಾಗಿರುತ್ತದೆ.

ಹಾಗೆ ಸತ್ತುಹೋದ ಪುಟಗಳನ್ನು ನೋಡುವುದಕ್ಕೆ ವೇಬ್ಯಾಕ್ ಮೆಷಿನ್. ಅಡ್ರೆಸ್ ವೆಬ್ ಡಾಟ್ ಆರ್ಕೈವ್ ಡಾಟ್ ಆರ್ಗ್. 1996ರಿಂದ ಪುಟಗಳನ್ನು ಕೂಡಿಡುತ್ತಿದ್ದಾರೆ. ಹಳೆಯ ಸೈಟಿನ ಅಡ್ರೆಸ್ ಹಾಕಿ, ಮೇಲಿನ ಪಟ್ಟಿಯಲ್ಲಿ ವರ್ಷ ಒತ್ತಿ. ಕ್ಯಾಲೆಂಡರ್ ಬರುತ್ತದೆ. ತಾರೀಖಿನ ಮೇಲೆ ನೀಲಿ ವೃತ್ತ ಇದ್ದರೆ ಅಂದಿನ ಪುಟ ಸಿಗುತ್ತದೆ. ಕೇಸರಿ, ಕೆಂಪು ವೃತ್ತಗಳನ್ನು ಬಿಡಿ, ಅಂದು ಪುಟ ತೆರೆದಿರಲಿಲ್ಲ ಅಂತ ಅರ್ಥ. ಈಗ ಇರುವ ಪುಟವನ್ನು ನೀವೇ ಅಲ್ಲಿ ಸೇರಿಸಿಡಬಹುದು, 'ಸೇವ್ ಪೇಜ್ ನೌ' ಅನ್ನುವ ಜಾಗ ಇದೆ. ನಿಮ್ಮ ಶಾಲೆಯ, ಸಂಘದ ಪುಟ ಇದ್ದರೆ ಇವತ್ತೇ ಸೇರಿಸಿ.

ನನ್ನ ಅಂಗಡಿಗೂ 2004ರಲ್ಲಿ ಒಂದು ವೆಬ್ ಪುಟ ಮಾಡಿದ್ದೆ. ಬಿಟ್ಟಿ ಪುಟ ಕೊಡುತ್ತಿದ್ದ ಒಂದು ಕಂಪನಿಯಲ್ಲಿ. ಆ ಕಂಪನಿ ಬಾಗಿಲು ಹಾಕಿದಾಗ ಪುಟವೂ ಹೋಯಿತು, ನನಗೂ ಮರೆತಿತ್ತು. ಮೊನ್ನೆ ಸರ್ವರ್ ಡೌನ್ ಇದ್ದಾಗ, ಅಂಗಡಿಯಲ್ಲಿ ಯಾರೂ ಇರಲಿಲ್ಲ, ಸುಮ್ನೆ ಹುಡುಕಿದೆ. ಸಿಕ್ಕಿತು. ಫೋಟೋ ಇದ್ದ ಜಾಗದಲ್ಲಿ ಖಾಲಿ ಚೌಕ. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ, ಕಣ್ಣಿಗೆ ಚುಚ್ಚುವ ಹಾಗೆ. ಬ್ರೌಸಿಂಗ್ ಗಂಟೆಗೆ 30 ರೂಪಾಯಿ, ಪ್ರಿಂಟ್ ಔಟ್ 5 ರೂಪಾಯಿ. ಕೆಳಗೆ ಎಷ್ಟು ಜನ ನೋಡಿದ್ದಾರೆ ಅಂತ ಎಣಿಸುವ ಕೌಂಟರ್ ಹಾಕಿದ್ದೆ, 212ಕ್ಕೆ ನಿಂತಿತ್ತು. ಅದರಲ್ಲಿ ಒಂದು ಇನ್ನೂರು ಸಲ ನಾನೇ ನೋಡಿರಬೇಕು.