ಕಲ್ಲಿನ ಗುರುತಿಲ್ಲದ ತಾಮ್ರ ನಾನು ಕೊಳ್ಳುವುದಿಲ್ಲ

ಚಿಕ್ಕಮಗಳೂರಿನಲ್ಲಿ ನನ್ನದು ಮೋಟರ್ ವೈಂಡಿಂಗ್ ಕೆಲಸ. ದಿನವಿಡೀ ಕೈಯಲ್ಲಿ ತಾಮ್ರದ ತಂತಿ. ಆದರೆ ನಾನು ಆಸೆಪಟ್ಟು ಕೂಡಿಡುವುದು ಬೇರೆ ತಾಮ್ರ. ಅದಿರು ಕರಗಿಸಿ ತೆಗೆದದ್ದಲ್ಲ, ಕಲ್ಲಿನೊಳಗೆ ತಾನಾಗಿಯೇ ಲೋಹವಾಗಿ ಹರಳುಗಟ್ಟಿದ್ದು.

ಗೊತ್ತಾದವರೆಲ್ಲ ಕೇಳುವುದು ಒಂದೇ: ‘ಅರಸೀಕೆರೆ ಹತ್ರ ಕಲ್ಯಾಡಿಯಲ್ಲೇ ತಾಮ್ರ ಇದೆಯಲ್ಲ ಮಾರಾಯ, ಅಲ್ಲೇ ಹುಡುಕಬಾರದಾ?’ ಕಲ್ಯಾಡಿಯದ್ದಾಗಲಿ ಚಿತ್ರದುರ್ಗದ ಇಂಗಳದಾಳಿನದ್ದಾಗಲಿ ಮುಖ್ಯವಾಗಿ ಚಾಲ್ಕೊಪೈರೈಟ್. ಅಂದರೆ ತಾಮ್ರದ ಜೊತೆ ಕಬ್ಬಿಣ, ಗಂಧಕ ಸೇರಿಕೊಂಡ ಹಿತ್ತಾಳೆ ಬಣ್ಣದ ಅದಿರು. ನನಗೆ ಬೇಕಾದದ್ದು ಅದಲ್ಲ.

ಹರಳು ತಾಮ್ರಕ್ಕೆ ಹೆಸರಾದ ಜಾಗ ಅಮೆರಿಕದ ಮಿಷಿಗನ್‌ನ ಕೀವೀನಾ. ಸುಮಾರು 110 ಕೋಟಿ ವರ್ಷ ಹಳೆಯ ಲಾವಾ ಅಲ್ಲಿದೆ. ಲಾವಾ ಆರುವಾಗ ಉಳಿದ ಗುಳ್ಳೆಗಳಲ್ಲಿ, ಬಿರುಕುಗಳಲ್ಲಿ ಬಿಸಿನೀರು ಹರಿದು ತಾಮ್ರವನ್ನು ಬಿಟ್ಟುಹೋಯಿತು, ಜೊತೆಗೆ ಕ್ಯಾಲ್ಸೈಟ್ ಅನ್ನುವ ಸುಣ್ಣದ ಹರಳನ್ನು, ಕೆಲವೊಮ್ಮೆ ಬೆಳ್ಳಿಯನ್ನೂ. ಅಲ್ಲಿನ ಗಣಿಗಳು 1960ರ ದಶಕದ ಕೊನೆಯ ಹೊತ್ತಿಗೆ ಬಹುಮಟ್ಟಿಗೆ ಮುಚ್ಚಿದವು. ಈಗ ಕೈ ಬದಲಾಗುವುದು ಹೆಚ್ಚಾಗಿ ಹಳೆಯ ಸಂಗ್ರಹ, ಇಲ್ಲವೇ ಗಣಿ ಪಕ್ಕದ ಕಲ್ಲುರಾಶಿಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಿದ್ದು. ನಾನು ದುಡ್ಡಿಗಿಂತ ಅದಲುಬದಲಿನಲ್ಲೇ ಜಾಸ್ತಿ ಪಡೆಯುತ್ತೇನೆ. ನಾಸಿಕ್, ಜಲಗಾಂವ್ ಕಡೆಯ ಅಪೊಫಿಲೈಟ್, ಸ್ಟಿಲ್ಬೈಟ್ ಹರಳುಗಳೆಂದರೆ ಹೊರದೇಶದ ಸಂಗ್ರಹಗಾರರಿಗೆ ಪ್ರಾಣ. ಅದನ್ನು ಕೊಟ್ಟು ಇದನ್ನು ತೆಗೆದುಕೊಳ್ಳುವುದು.

ಈಗ ನಕಲಿಯ ವಿಷಯ. ತಾಮ್ರದ ಹರಳನ್ನು ತೊಟ್ಟಿಯಲ್ಲಿ ಬೆಳೆಸುವುದು ಸುಲಭ. ನಾನೇ ಬೆಳೆಸಿ ನೋಡಿದ್ದೇನೆ, ಮಾರಲಿಕ್ಕಲ್ಲ, ನಕಲಿ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗಲಿ ಅಂತ. ನಮ್ಮಲ್ಲಿ ಮೈಲುತುತ್ತಕ್ಕೆ, ಅಂದರೆ ತಾಮ್ರದ ಸಲ್ಫೇಟ್‌ಗೆ, ಏನು ಬರ? ಮಳೆಗಾಲಕ್ಕೆ ಮುಂಚೆ ಬೋರ್ಡೋ ಔಷಧಿ ಹೊಡೆಯಲು ಪ್ರತಿ ತೋಟದಲ್ಲೂ ಇರುತ್ತದೆ. ಅದನ್ನು ನೀರಿಗೆ ಕದಡಿ, ಚೂರು ಬ್ಯಾಟರಿ ಆಸಿಡ್ ಹಾಕಿ, ಎರಡು ತಾಮ್ರದ ತುಂಡು ಇಳಿಬಿಟ್ಟು ಸಣ್ಣ ಕರೆಂಟ್ ಕೊಟ್ಟರೆ ಒಂದರಿಂದ ಕರಗಿದ ತಾಮ್ರ ಇನ್ನೊಂದರ ಮೇಲೆ ಕೂರುತ್ತದೆ. ಕರೆಂಟ್ ಜಾಸ್ತಿ ಮಾಡಿದರೆ ಅಂಚಿನಲ್ಲಿ ಜರೀಗಿಡದ ಎಲೆಯಂತೆ ಕವಲೊಡೆಯುತ್ತದೆ, ಚೆಂದವೂ ಇರುತ್ತದೆ. ಹಾಗಾಗಿ ಕವಲು ನೋಡಿ ಮರುಳಾಗಬೇಡಿ. ತೊಟ್ಟಿಯ ಕವಲುಗಳು ಬಹುತೇಕ ಎದುರಿನ ತುಂಡಿನ ಕಡೆಗೇ ಚಾಚಿರುತ್ತವೆ, ತುದಿಯಲ್ಲಿ ಗುಂಡು ಗುಂಡಾಗಿ ಕಾಳುಗಟ್ಟಿರುತ್ತವೆ.

ನಾನು ಹತ್ತು ಪಟ್ಟಿನ ಮಸೂರ ಹಿಡಿದು ಮೊದಲು ಹುಡುಕುವುದು ತಾಮ್ರವನ್ನಲ್ಲ, ಅದರ ನೆರೆಯವರನ್ನು. ಸಂದಿಯಲ್ಲಿ ಕ್ಯಾಲ್ಸೈಟ್ ಚೂರು ಸಿಕ್ಕಿಕೊಂಡಿದೆಯಾ? ಬುಡದಲ್ಲಿ ಕಲ್ಲು ಇದೆಯಾ? ಮಾರುವವರು ಎಷ್ಟೋ ಸಲ ಕ್ಯಾಲ್ಸೈಟನ್ನು ಆಸಿಡ್‌ನಲ್ಲಿ ಕರಗಿಸಿಬಿಟ್ಟಿರುತ್ತಾರೆ, ಅದು ತಪ್ಪಲ್ಲ. ಆದರೆ ಅದು ಒತ್ತಿಕೊಂಡಿದ್ದ ಜಾಗದಲ್ಲಿ ತಾಮ್ರದ ಮೇಲೆ ಸಪಾಟಾದ ಅಚ್ಚು, ಚೂಪು ಅಂಚಿನ ಕುಳಿ ಉಳಿದಿರುತ್ತದೆ. ಅಂಥ ಯಾವ ಗುರುತೂ ಇಲ್ಲದೆ ಸುತ್ತಲೂ ಥಳಥಳ ಹೊಳೆಯುವ ತುಂಡು ಬಂದರೆ ನಾನು ಸುಮ್ನೆ ವಾಪಸ್ ಕೊಡುತ್ತೇನೆ. ಹೊಳಪು ಬೇಕಿದ್ದರೆ ನನ್ನ ಅಂಗಡಿಯ ತಂತಿಯೇ ಸಾಕಲ್ವಾ?

ಮಲೆನಾಡಿನ ಮಳೆಯೇ ಇನ್ನೊಂದು ಕಷ್ಟ. ನಮ್ಮ ಅತ್ತಿಗೆಗೆ ಈ ಕಪ್ಪು-ಕಂದು ತುಂಡುಗಳನ್ನು ಕಂಡರೆ ಕೈ ತುರಿಕೆ, ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿಬಿಡಲಾ ಅಂತಾರೆ. ಹಂಡೆಗೆ ಸರಿ, ಇದಕ್ಕೆ ಬೇಡವೇ ಬೇಡ. ಉಪ್ಪಿನಲ್ಲಿ ಕ್ಲೋರೈಡ್ ಇರುತ್ತದೆ. ಸಂದಿಯಲ್ಲಿ ಚೂರು ಉಳಿದರೂ ತೇವದ ಗಾಳಿಗೆ ತಿಳಿ ಹಸಿರು ಪುಡಿ ಏಳುತ್ತದೆ, ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಹಳೆಯ ಕಂದು ಪದರವನ್ನು ನಾನು ಹಾಗೇ ಬಿಡುತ್ತೇನೆ. ಧೂಳಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಮೆತ್ತನೆ ಬ್ರಷ್, ಆಮೇಲೆ ಅಸಿಟೋನ್‌ನಲ್ಲಿ ಅದ್ದಿ ಒಣಗಿಸುವುದು. ಬರಿಗೈಯಲ್ಲಿ ಮುಟ್ಟುವುದಿಲ್ಲ, ಬೆವರಿನ ಗುರುತು ಉಳಿಯುತ್ತದೆ. ಮರದ ಪೆಟ್ಟಿಗೆಯೂ ಬೇಡ, ಮರದಿಂದ ಹೊರಡುವ ಆಮ್ಲದ ಆವಿ ತಾಮ್ರಕ್ಕೆ ಆಗುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ ಬಣ್ಣ ತಿರುಗಿತಾ ಅಂತ ನೋಡುತ್ತಲೇ ಇರಬೇಕು, ತಿರುಗಿದರೆ ಬಿಸಿ ಮಾಡಿ ಮತ್ತೆ ಹಾಕಬೇಕು.

ಪಾರ್ಸೆಲ್ ಬಿಚ್ಚುವಾಗ ಅವಸರ ಮಾಡಬೇಡಿ. ಇದು ಮೆತ್ತನೆ ಲೋಹ, ತೆಳು ಕವಲು ಮುರಿಯುವುದಕ್ಕಿಂತ ಬಗ್ಗುವುದೇ ಹೆಚ್ಚು. ಬಗ್ಗಿದ್ದನ್ನು ಇಕ್ಕಳ ಹಿಡಿದು ನೆಟ್ಟಗೆ ಮಾಡಲು ಹೋದರೆ ಹರಳಿನ ಅಂಚು ಜಜ್ಜಿಹೋಗುತ್ತದೆ. ನಾನು ಹಾಗೇ ಬಿಟ್ಟು, ಚೀಟಿಯಲ್ಲಿ ‘ದಾರಿಯಲ್ಲಿ ಬಗ್ಗಿದ್ದು’ ಅಂತ ಬರೆದಿಡುತ್ತೇನೆ.